ಅಡಿಕೆ ಆರಿಸಿದ ಹಾಗೆ ಗ್ಯಾಲಕ್ಸಿ ಆರಿಸುವುದು

ಜೂನ್ ಬಂತೆಂದರೆ ಶಿರಸಿಯಲ್ಲಿ ನಕ್ಷತ್ರ ನೋಡುವ ಮಾತೇ ಇಲ್ಲ. ಸೆಪ್ಟೆಂಬರ್ ಕಳೆಯುವವರೆಗೆ ತಲೆ ಮೇಲೆ ಬರೀ ಮೋಡ. ಲೆನ್ಸಿಗೆ ಬೂಷ್ಟು ಹಿಡಿಯದಿರಲಿ ಎಂದು ಬೈನಾಕ್ಯುಲರನ್ನು ಡಬ್ಬಿಗೆ ಹಾಕಿ ಮುಚ್ಚಿಟ್ಟರೆ ಮತ್ತೆ ತೆಗೆಯುವುದು ದಸರೆ ಹೊತ್ತಿಗೇ. ಹಾಗಿದ್ದೂ ನಾನು ಗ್ಯಾಲಕ್ಸಿ ಹುಡುಕುವುದು ಹೆಚ್ಚಾಗಿ ಈ ನಾಲ್ಕು ತಿಂಗಳಲ್ಲೇ. ಕರೆಂಟು ಇದ್ದಾಗ, ನೆಟ್‌ವರ್ಕ್ ಸಿಕ್ಕಾಗ, ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ದೊಡ್ಡ ದೂರದರ್ಶಕಗಳು ಮೊದಲೇ ಅಳೆದಿಟ್ಟ ನಕ್ಷತ್ರಗಳ ಪಟ್ಟಿಯಲ್ಲಿ.

ಹೋದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಆಯಿ ಪಕ್ಕದಲ್ಲೇ ಕೂತು ಚಾಲಿ, ಅಂದರೆ ಒಣಗಿಸಿ ಸುಲಿದ ಹಣ್ಣಡಿಕೆ, ಆರಿಸುತ್ತಿದ್ದಳು. ನನ್ನ ಪರದೆ ಕಡೆ ಇಣುಕಿ, “ಎಂತದೋ ಅದು, ಬರೀ ಚುಕ್ಕಿ ಕಾಣ್ತು?” ಅಂದಳು. ಈ ಚುಕ್ಕಿಗಳಲ್ಲಿ ಒಂದಷ್ಟು ಬೇರೆ ಗ್ಯಾಲಕ್ಸಿಯವು, ಅವನ್ನು ಬೇರೆ ಮಾಡಬೇಕು ಅಂದೆ. “ಹಂಗಾರೆ ನಿಂದೂ ಆರ್ಸ ಕೆಲ್ಸನೇಯ” ಎಂದು ತನ್ನ ರಾಶಿಗೆ ತಿರುಗಿದಳು. ನಾಲ್ಕು ವರ್ಷದಿಂದ ಈ ಕೆಲಸವನ್ನು ಜನರಿಗೆ ಹೇಗೆ ವಿವರಿಸಲಿ ಎಂದು ಒದ್ದಾಡುತ್ತಿದ್ದೆ. ಆಯಿ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಳು.

ಚಾಲಿ ರಾಶಿಯಿಂದ ಕೋಕಾ, ಬಿಳೆಗೋಟು, ಕೆಂಪುಗೋಟು ಎಂಬ ಕೆಳದರ್ಜೆಯವನ್ನು ಬೇರೆ ಮಾಡುವವರು ಒಂದೊಂದು ಅಡಿಕೆಯನ್ನೂ ಹಿಡಿದು ಪರೀಕ್ಷೆ ಮಾಡುವುದಿಲ್ಲ. ಬಣ್ಣ, ಗಾತ್ರ, ಮೈ ಹೇಗಿದೆ, ಎಲ್ಲ ಒಟ್ಟಿಗೇ ಕಣ್ಣಿಗೆ ಬೀಳುತ್ತದೆ, ಕೈ ತಾನಾಗಿ ಹೋಗುತ್ತದೆ. ಇಲ್ಲೂ ಹಾಗೆಯೇ. ಕೋಟಿಗಟ್ಟಲೆ ನಕ್ಷತ್ರಗಳ ರಾಶಿಯಿಂದ ಬಣ್ಣ, ಬೆಳಕು, ಚಲನೆ ನೋಡಿ ಬೇಡದ್ದನ್ನು ತೆಗೆದು ಹಾಕುತ್ತಾ ಹೋಗಬೇಕು. ಕೊನೆಗೆ ಏನಾದರೂ ಉಳಿದರೆ ಉಳಿಯಿತು.

ಹುಡುಕುವುದು ಏನನ್ನು?

ನಮ್ಮ ಆಕಾಶಗಂಗೆಯ ಸುತ್ತ ಪುಟ್ಟ ಗ್ಯಾಲಕ್ಸಿಗಳು ಸುತ್ತುತ್ತಿವೆ. ಉಪಗ್ರಹ ಗ್ಯಾಲಕ್ಸಿ, ಕುಬ್ಜ ಗ್ಯಾಲಕ್ಸಿ ಎಂದೆಲ್ಲ ಕರೆಯುತ್ತಾರೆ. ಇವುಗಳಲ್ಲಿ ದೊಡ್ಡವು ಎರಡು ಮೆಗಲಾನಿಕ್ ಮೋಡಗಳು. ದಕ್ಷಿಣದ ದೇಶಗಳವರಿಗೆ ಬರಿಗಣ್ಣಿಗೇ ಕಾಣುತ್ತವೆ. ಕಾರವಾರದಿಂದಲೂ ಲೆಕ್ಕದ ಪ್ರಕಾರ ದೊಡ್ಡ ಮೋಡ ಡಿಸೆಂಬರ್ ನಡುರಾತ್ರಿ ದಕ್ಷಿಣ ದಿಗಂತದಿಂದ 5 ಡಿಗ್ರಿ ಮೇಲೆ ಬರಬೇಕು. ಕೈ ಚಾಚಿ ಮೂರು ಬೆರಳು ಅಡ್ಡ ಹಿಡಿದರೆ ಎಷ್ಟೋ ಅಷ್ಟು. ಒಮ್ಮೆ ಹಟಕ್ಕೆ ಬಿದ್ದು ಹೋಗಿ ನೋಡಿದೆ. ಕಂಡಿದ್ದು ಮಬ್ಬು ಮತ್ತು ಮೀನು ದೋಣಿಗಳ ದೀಪ. ಆ ಆಸೆ ಬಿಟ್ಟುಬಿಡಿ.

ಉಳಿದವು ಕಣ್ಣಿಗೆ ಕಾಣುವಂಥವಲ್ಲ. 1938ರಲ್ಲಿ ಅಮೆರಿಕದ ಖಗೋಳ ವಿಜ್ಞಾನಿ ಹಾರ್ಲೋ ಶೇಪ್ಲಿ ಫೋಟೋ ಫಲಕಗಳಲ್ಲಿ ಸ್ಕಲ್ಪ್ಟರ್ ಮತ್ತು ಫಾರ್ನ್ಯಾಕ್ಸ್ ಎಂಬ ಎರಡನ್ನು ಕಂಡು ವರದಿ ಮಾಡಿದರು. ಅಲ್ಲಿಂದ 2004ರ ತನಕ, ಮೆಗಲಾನಿಕ್ ಮೋಡಗಳೂ ಸೇರಿ ಲೆಕ್ಕಕ್ಕೆ ಸಿಕ್ಕಿದ್ದು ಬರೀ ಹನ್ನೊಂದು. ಆಮೇಲೆ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ 2.5 ಮೀಟರ್ ಅಗಲದ ಕನ್ನಡಿಯ ದೂರದರ್ಶಕದಿಂದ ನಡೆದ ಸ್ಲೋನ್ ಸರ್ವೆಯ (ಸರ್ವೆ ಎಂದರೆ ಆಕಾಶವನ್ನು ಸಾಲಾಗಿ ಚಿತ್ರ ತೆಗೆದು ಪಟ್ಟಿ ಮಾಡುವುದು) ಡಿಜಿಟಲ್ ಪಟ್ಟಿ ಜನರ ಕೈಗೆ ಬಂತು, ಒಂದರ ಹಿಂದೆ ಒಂದು ಸಿಗತೊಡಗಿದವು. 2015ರಲ್ಲಿ ಚಿಲಿಯ ಡಾರ್ಕ್ ಎನರ್ಜಿ ಸರ್ವೆಯ ಮೊದಲ ವರ್ಷದ ಚಿತ್ರಗಳನ್ನು ಎರಡು ತಂಡಗಳು ಬೇರೆಬೇರೆಯಾಗಿ ಜಾಲಾಡಿದವು. ಒಂದಕ್ಕೆ ಎಂಟು, ಇನ್ನೊಂದಕ್ಕೆ ಒಂಬತ್ತು ಸಿಕ್ಕವು, ಬಹುಪಾಲು ಅವೇ. ಎಲ್ಲರೂ ಒಪ್ಪಿದ್ದು, ಇನ್ನೂ ವಾದದಲ್ಲಿರುವುದು ಎಲ್ಲ ಸೇರಿಸಿದರೆ ಈಗ ಅರವತ್ತರ ಮೇಲಿವೆ.

ಇವು ಎಷ್ಟು ಮಸುಕು ಅನ್ನುವುದಕ್ಕೆ ಒಂದು ಉದಾಹರಣೆ. ಮಘೆ ಮಳೆಗೆ ಹೆಸರು ಕೊಟ್ಟ ಮಘಾ ನಕ್ಷತ್ರ ಗೊತ್ತಲ್ಲ, ಮಾರ್ಚ್ ಸಂಜೆ ಪೂರ್ವದಲ್ಲಿ ಚೆನ್ನಾಗಿ ಕಾಣುತ್ತದೆ. ಅದರ ಪಕ್ಕದಲ್ಲೇ, ಹುಣ್ಣಿಮೆ ಚಂದ್ರನ ಅಗಲಕ್ಕಿಂತಲೂ ಹತ್ತಿರದಲ್ಲಿ, ಲಿಯೋ 1 ಎಂಬ ಕುಬ್ಜ ಗ್ಯಾಲಕ್ಸಿ ಇದೆ. ಸುಮಾರು 8 ಲಕ್ಷ ಜ್ಯೋತಿರ್ವರ್ಷ ದೂರ. ಮಘೆಯ ಝಗಮಗದಲ್ಲಿ ಮುಚ್ಚಿಹೋಗಿದ್ದ ಇದು ಸಿಕ್ಕಿದ್ದು 1950ರಲ್ಲಿ. ಮಘೆಯಿಂದ 4 ಡಿಗ್ರಿ ಉತ್ತರಕ್ಕೆ ಸೆಗ್ಯೂ 1 ಇದೆ. ಲಿಯೋ 1ಕ್ಕಿಂತ ತುಂಬಾ ಹತ್ತಿರ, ಸುಮಾರು 75,000 ಜ್ಯೋತಿರ್ವರ್ಷ. ಆದರೂ ಅದು ಸಿಗಲು 2006ರ ತನಕ ಕಾಯಬೇಕಾಯಿತು. ಕಾರಣ, ಇಡೀ ಗ್ಯಾಲಕ್ಸಿಯ ಬೆಳಕು ಸೇರಿಸಿದರೂ ಸೂರ್ಯನ ಕೆಲವು ನೂರು ಪಟ್ಟು ಅಷ್ಟೇ. ಒಂದೇ ಒಂದು ದೊಡ್ಡ ಕೆಂಪು ನಕ್ಷತ್ರ ಇಷ್ಟು ಬೆಳಗಬಲ್ಲದು! ತೂಕ ಮಾತ್ರ ಲಕ್ಷಗಟ್ಟಲೆ ಸೂರ್ಯರಷ್ಟು. ಆ ತೂಕ ನಕ್ಷತ್ರಗಳದ್ದಲ್ಲ, ಬೆಳಕು ಬೀರದ, ಸೆಳೆತದಿಂದಷ್ಟೇ ಗೊತ್ತಾಗುವ ಡಾರ್ಕ್ ಮ್ಯಾಟರಿನದು. ವಿಜ್ಞಾನಿಗಳು ಇವುಗಳ ಹಿಂದೆ ಬಿದ್ದಿರುವುದು ಅದಕ್ಕೇ.

ಮೊದಲು ಸಾಮಾನು

ದೂರದರ್ಶಕ ಕೊಳ್ಳಬೇಡಿ. ಈ ಕೆಲಸಕ್ಕೆ ಅದರಿಂದ ನಯಾಪೈಸೆ ಉಪಯೋಗವಿಲ್ಲ. 8 ಜಿಬಿ ಮೆಮೊರಿಯ ಸಾಧಾರಣ ಲ್ಯಾಪ್‌ಟಾಪ್ ಸಾಕು. ಟಾಪ್‌ಕ್ಯಾಟ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ, ಅದು ಓಡಲು ಜಾವಾ ಬೇಕು. ಲಕ್ಷ ಸಾಲಿನ ಪಟ್ಟಿಯನ್ನೂ ಸಲೀಸಾಗಿ ತೆರೆದು ನಕ್ಷೆ ಹಾಕುತ್ತದೆ. ಚಿತ್ರ ನೋಡಲು ಬ್ರೌಸರಿನಲ್ಲೇ ತೆರೆಯುವ ಅಲಾದಿನ್ ಲೈಟ್ ಮತ್ತು ಲೆಗಸಿ ಸರ್ವೆಯ ಸ್ಕೈ ವ್ಯೂವರ್ ಇವೆ. ಎಲ್ಲ ಪುಕ್ಕಟೆ. ಒಂದು ನೋಟ್‌ಬುಕ್ಕೂ ಇರಲಿ, ಕಾಗದದ್ದು. ಕರೆಂಟು ಹೋದಾಗ ಎಲ್ಲಿದ್ದೆ ಎನ್ನುವುದು ಅದರಿಂದಲೇ ಗೊತ್ತಾಗಬೇಕು.

ಮೊದಲು ಗೊತ್ತಿರುವುದನ್ನೇ ಹುಡುಕಿ

ಹೊಸಬರು ಮಾಡುವ ದೊಡ್ಡ ತಪ್ಪು ನೇರ ಹೊಸ ಗ್ಯಾಲಕ್ಸಿಗೆ ಕೈ ಹಾಕುವುದು. ನಾನೂ ಮಾಡಿದ್ದೆ. ಚಾಲಿ ಯಾವುದು ಎಂದೇ ಗೊತ್ತಿಲ್ಲದವನು ಕೋಕಾ ಹೇಗೆ ತೆಗೆಯುತ್ತಾನೆ? ಆದ್ದರಿಂದ ಮೊದಲು ಶೇಪ್ಲಿಯ ಸ್ಕಲ್ಪ್ಟರನ್ನು ನೀವೇ ಮತ್ತೊಮ್ಮೆ ಕಂಡುಹಿಡಿಯಿರಿ.

ಇದಕ್ಕೆ ಯುರೋಪಿನ ಗಾಯಾ ಉಪಗ್ರಹದ ಪಟ್ಟಿ ಬೇಕು. 2022ರ ಜೂನ್‌ನಲ್ಲಿ ಬಿಟ್ಟ ಮೂರನೇ ಕಂತಿನಲ್ಲಿ ಸುಮಾರು 180 ಕೋಟಿ ಚುಕ್ಕಿಗಳಿವೆ. ಗಾಯಾ ಆರ್ಕೈವ್ ತೆರೆದು ಜಾಗ ಕೊಡಿ, ಭೂಮಿಗೆ ರೇಖಾಂಶ, ಅಕ್ಷಾಂಶ ಇದ್ದ ಹಾಗೆ ಆಕಾಶಕ್ಕೂ ಎರಡು ಸಂಖ್ಯೆ ಇವೆ: ರೈಟ್ ಅಸೆನ್ಷನ್ 15.04 ಡಿಗ್ರಿ, ಡೆಕ್ಲಿನೇಷನ್ ಮೈನಸ್ 33.71 ಡಿಗ್ರಿ, ಸುತ್ತ 1 ಡಿಗ್ರಿ. ಸಾವಿರಗಟ್ಟಲೆ ಸಾಲಿನ ಪಟ್ಟಿ ಬರುತ್ತದೆ. ಇಳಿಸಿಕೊಂಡು ಟಾಪ್‌ಕ್ಯಾಟಿನಲ್ಲಿ ತೆರೆಯಿರಿ.

ಮೊದಲು ಜಾಗದ ನಕ್ಷೆ ಹಾಕಿ. ನಡುವೆ ಸ್ವಲ್ಪ ದಟ್ಟ ಅನ್ನಿಸಬಹುದು. ಈಗ ಪ್ಯಾರಲಾಕ್ಸ್ ನೋಡಿ, ಅಂದರೆ ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಎಷ್ಟು ಅತ್ತಿತ್ತ ಸರಿದಂತೆ ಕಾಣುತ್ತದೆ ಎಂಬ ಅಳತೆ. ನಮ್ಮ ಹತ್ತಿರದ ನಕ್ಷತ್ರಕ್ಕೆ ಇದು ಜಾಸ್ತಿ, ದೂರದ್ದಕ್ಕೆ ಹೆಚ್ಚುಕಡಿಮೆ ಸೊನ್ನೆ. ಸ್ಕಲ್ಪ್ಟರ್ ಇರುವುದು 2.8 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ. ಹಾಗಾಗಿ ತನ್ನ ದೋಷದ ಮಿತಿ ದಾಟಿಯೂ ಸೊನ್ನೆಯಿಂದ ದೂರ ಇರುವ ಚುಕ್ಕಿಗಳನ್ನು ತೆಗೆದುಬಿಡಿ. ಇದು ಮೊದಲ ಜರಡಿ.

ಎರಡನೆಯದು ಚಲನೆ. ಪ್ರತಿ ನಕ್ಷತ್ರ ವರ್ಷಕ್ಕೆ ಆಕಾಶದಲ್ಲಿ ಎಷ್ಟು ಸರಿಯುತ್ತದೆ ಎಂದು ಗಾಯಾ ಅಳೆದಿದೆ. ಎರಡು ದಿಕ್ಕಿನ ಚಲನೆಯನ್ನು ಅಡ್ಡ ಮತ್ತು ಉದ್ದ ಗೆರೆಗೆ ಹಾಕಿ ನಕ್ಷೆ ಮಾಡಿ. ನಮ್ಮ ಗ್ಯಾಲಕ್ಸಿಯ ನಕ್ಷತ್ರಗಳು ನೆಲಕ್ಕೆ ಚೆಲ್ಲಿದ ಅವಲಕ್ಕಿಯ ಹಾಗೆ ಎಲ್ಲ ಕಡೆ ಹರಡಿರುತ್ತವೆ. ಸೊನ್ನೆಯ ಹತ್ತಿರ ಮಾತ್ರ ಒಂದು ಗಟ್ಟಿ ಮುದ್ದೆ. ಅದೇ ಸ್ಕಲ್ಪ್ಟರ್. ಒಟ್ಟಿಗೆ ಪ್ರಯಾಣ ಮಾಡುವವರೆಲ್ಲ ಒಂದೇ ಕಡೆ, ಒಂದೇ ವೇಗದಲ್ಲಿ ಸರಿಯುತ್ತಾರೆ, ಅಲ್ವಾ? ಆ ಮುದ್ದೆಯ ಸುತ್ತ ವರ್ಷಕ್ಕೆ ಒಂದು ಮಿಲಿ ಆರ್ಕ್‌ಸೆಕೆಂಡಿನೊಳಗಿನದನ್ನು (ಡಿಗ್ರಿಯ 36 ಲಕ್ಷದಲ್ಲಿ ಒಂದು ಪಾಲು) ಇಟ್ಟುಕೊಂಡು ಉಳಿದದ್ದು ಬಿಸಾಡಿ.

ಮೂರನೆಯದು ಬಣ್ಣ ಮತ್ತು ಬೆಳಕು. ಅಡ್ಡ ಗೆರೆಗೆ ಬಣ್ಣ, ಅಂದರೆ ಗಾಯಾದ ನೀಲಿ ಮತ್ತು ಕೆಂಪು ಅಳತೆಯ ವ್ಯತ್ಯಾಸ. ಉದ್ದ ಗೆರೆಗೆ ಜಿ ಮ್ಯಾಗ್ನಿಟ್ಯೂಡ್, ಅಂದರೆ ಗಾಯಾ ಅಳೆದ ಬೆಳಕು, ಸಂಖ್ಯೆ ಚಿಕ್ಕದಾದಷ್ಟೂ ಪ್ರಖರ. ಅದನ್ನು ತಲೆಕೆಳಗಾಗಿ ಹಾಕಿ, ಪ್ರಖರವಾದದ್ದು ಮೇಲೆ ಬರುವ ಹಾಗೆ. ಮೊದಲ ಸಲ ಇದನ್ನು ಹಾಕಿದಾಗ ನಾನು ಚಹಾ ಲೋಟ ಕೈಯಲ್ಲೇ ಹಿಡಿದು ಕೂತಿದ್ದೆ, ಕುಡಿಯುವುದೇ ಮರೆತುಹೋಗಿತ್ತು. ಸುಮ್ನೆ ಚೆಲ್ಲಾಪಿಲ್ಲಿಯಾಗಿದ್ದ ಚುಕ್ಕಿಗಳು ಒಂದು ಬಾಗಿದ ಗೆರೆಯಾಗಿ ನಿಂತಿದ್ದವು. ಮೇಲೆ 17ರ ಹತ್ತಿರ ಕೆಂಪಾಗಿ ಶುರುವಾಗಿ, ಕೆಳಗೆ 20ರ ಕಡೆ ಬರುತ್ತಾ ನೀಲಿಯತ್ತ ವಾಲುವ ಗೆರೆ. ಅವು ಮುದಿ ಕೆಂಪು ದೈತ್ಯ ನಕ್ಷತ್ರಗಳು. 20ರ ಆಚೀಚೆ ಎಡಕ್ಕೆ ಚಾಚಿದ ಒಂದು ಅಡ್ಡ ಕೊಂಬೆಯೂ ಇರುತ್ತದೆ. ಎಲ್ಲ ಒಂದೇ ದೂರದಲ್ಲಿ ಇರುವುದರಿಂದ, ಹೆಚ್ಚುಕಡಿಮೆ ಒಂದೇ ಕಾಲದವು ಆಗಿರುವುದರಿಂದ ಹೀಗೆ ಸಾಲು ಹಿಡಿಯುತ್ತವೆ. ದಾರಿಯಲ್ಲಿ ಹೋಗುವ ಬೇರೆ ನಕ್ಷತ್ರಗಳಿಗೆ ಈ ಶಿಸ್ತು ಇಲ್ಲ.

ಈಗ ಉಳಿದ ಚುಕ್ಕಿಗಳ ಜಾಗದ ನಕ್ಷೆ ಮತ್ತೆ ಹಾಕಿ. ನಡುವೆ ಅಂಡಾಕಾರದ ಗುಂಪು ಎದ್ದು ಕಾಣುತ್ತದೆ.

ಇದೇ ಪಾಠವನ್ನು ಡ್ರೇಕೊ ಕುಬ್ಜ ಗ್ಯಾಲಕ್ಸಿಯ ಮೇಲೆ ಒಮ್ಮೆ ಮಾಡಿ. 260.05, ಪ್ಲಸ್ 57.92. ಎರಡು ಸಲ ಕೈ ಪಳಗಿದರೆ ಸಾಕು.

ಗಾಯಾ ಕೈಬಿಟ್ಟಾಗ

ಗಾಯಾದ ಕಣ್ಣು 21ನೇ ಮ್ಯಾಗ್ನಿಟ್ಯೂಡಿಗೆ ನಿಂತುಹೋಗುತ್ತದೆ. ತೀರಾ ಮಸುಕಾದ ಗ್ಯಾಲಕ್ಸಿಗಳಲ್ಲಿ ಅದಕ್ಕಿಂತ ಪ್ರಖರವಾದ ನಕ್ಷತ್ರಗಳು ಬೆರಳೆಣಿಕೆಯಷ್ಟೇ. ಅಲ್ಲಿ ಚಲನೆಯ ಜರಡಿ ಸಿಗುವುದಿಲ್ಲ, ಬಣ್ಣ ಮತ್ತು ಎಣಿಕೆಯ ಮೇಲೇ ನಡೆಯಬೇಕು.

ಇದಕ್ಕೆ ನನಗೆ ಇಷ್ಟವಾದ ಜಾಗ ಆಸ್ಟ್ರೋ ಡೇಟಾ ಲ್ಯಾಬ್. ಅಮೆರಿಕದ ನೋಯರ್‌ಲ್ಯಾಬ್ ನಡೆಸುವ ಉಚಿತ ತಾಣ. ಡಾರ್ಕ್ ಎನರ್ಜಿ ಸರ್ವೆ, ಲೆಗಸಿ ಸರ್ವೆ, ಸ್ಮ್ಯಾಶ್, ಎಲ್ಲದರ ಪಟ್ಟಿ ಅಲ್ಲಿದೆ. ಮುಖ್ಯವಾಗಿ ಲೆಕ್ಕ ಓಡುವುದು ಅವರ ಕಂಪ್ಯೂಟರಿನಲ್ಲಿ, ನಮಗೆ ಬರುವುದು ಉತ್ತರ ಮಾತ್ರ. ಮಳೆಗೆ ಟವರ್ ಮಲಗುವ ನಮ್ಮ ಕಡೆಯವರಿಗೆ ಇದಕ್ಕಿಂತ ಒಳ್ಳೆಯದು ಏನು ಬೇಕು? ಅಲ್ಲೇ ಕುಬ್ಜ ಗ್ಯಾಲಕ್ಸಿ ಹುಡುಕುವ ಒಂದು ಮಾದರಿ ನೋಟ್‌ಬುಕ್ ಕೂಡ ಇದೆ, ಕಾಗದದ್ದಲ್ಲ, ಬ್ರೌಸರಿನಲ್ಲೇ ಓಡುವ ಪ್ರೋಗ್ರಾಮಿನ ಪುಟ. ಸ್ಮ್ಯಾಶ್ ಸರ್ವೆಯಿಂದ 2015ರಲ್ಲಿ ಸಿಕ್ಕ ಹೈಡ್ರಾ 2 ಎಂಬ ಗ್ಯಾಲಕ್ಸಿಯನ್ನು ಹೇಗೆ ಹೊರತೆಗೆಯುವುದು ಎಂದು ಸಾಲುಸಾಲಾಗಿ ತೋರಿಸುತ್ತದೆ. ಅದನ್ನು ಬರೆದಿರುವ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಬರದಿದ್ದರೂ ಓಡಿಸಿ ನೋಡಬಹುದು. ಸಂಖ್ಯೆ ಬದಲಾಯಿಸಿ ಹಾಳುಮಾಡಿ, ಮತ್ತೆ ಸರಿಮಾಡಿ. ನಾನು ಕಲಿತದ್ದೇ ಹಾಗೆ.

ಅದರ ಒಳಗಿನ ಕೆಲಸ ಇಷ್ಟೇ. ಹಳೆಯ, ಲೋಹ ಕಡಿಮೆ ಇರುವ ನಕ್ಷತ್ರಗಳು ಬಣ್ಣ ಮತ್ತು ಬೆಳಕಿನ ನಕ್ಷೆಯಲ್ಲಿ ಎಲ್ಲಿ ಕೂರುತ್ತವೆ ಎಂಬುದಕ್ಕೆ ಸಿದ್ಧ ಗೆರೆಗಳಿವೆ, ಐಸೋಕ್ರೋನ್ ಎನ್ನುತ್ತಾರೆ. ಒಂದು ದೂರ ಊಹಿಸಿ, ಆ ಗೆರೆಯ ಅಕ್ಕಪಕ್ಕದ ಚುಕ್ಕಿಗಳನ್ನು ಮಾತ್ರ ಇಟ್ಟುಕೊಳ್ಳಬೇಕು. ಆಮೇಲೆ ಆಕಾಶವನ್ನು ಚಿಕ್ಕ ಚೌಕಗಳಾಗಿ ಮಾಡಿ ಎಣಿಸಬೇಕು. ಅಕ್ಕಪಕ್ಕದ ಚೌಕಗಳಲ್ಲಿ ಸರಾಸರಿ 25 ಚುಕ್ಕಿ ಇದ್ದರೆ, 25ರ ವರ್ಗಮೂಲ 5. ಅಂದರೆ 20, 30 ಬಂದರೆ ಕೇಳುವವರೇ ಇಲ್ಲ, ಅದು ಮಾಮೂಲಿ ಏರುಪೇರು. 50 ಬಂತು ಅಂದರೆ ಸರಾಸರಿಗಿಂತ 25 ಜಾಸ್ತಿ, ಅಂದರೆ ಆ ಏರುಪೇರಿನ ಐದು ಪಟ್ಟು, ಎದ್ದು ಕೂರಬಹುದು. ಮೂರು ಪಟ್ಟಿಗೇ ಕುಣಿಯಬೇಡಿ. ಲಕ್ಷ ಚೌಕ ನೋಡಿದರೆ ನೂರಕ್ಕೂ ಹೆಚ್ಚು ಕಡೆ ಮೂರು ಪಟ್ಟು ಸುಮ್ನೆ ಆಕಸ್ಮಿಕವಾಗಿಯೇ ಬರುತ್ತದೆ. ಒಂದು ದೂರಕ್ಕೆ ಏನೂ ಸಿಗದಿದ್ದರೆ ಗೆರೆಯನ್ನು ಮೇಲೆ ಕೆಳಗೆ ಸರಿಸಿ ಮತ್ತೊಂದು ದೂರಕ್ಕೆ ನೋಡಿ.

ಇಲ್ಲಿ ಎರಡು ಎಚ್ಚರ. ನಮ್ಮ ಗ್ಯಾಲಕ್ಸಿಯ ಧೂಳು ದೂರದ ನಕ್ಷತ್ರವನ್ನು ಮಸುಕು ಮಾಡುತ್ತದೆ, ಕೆಂಪೂ ಮಾಡುತ್ತದೆ. ಧೂಳಿನ ತಿದ್ದುಪಡಿ ಆದ ಬೆಳಕನ್ನೇ ಬಳಸಿ. ಆಕಾಶಗಂಗೆಯ ಬಿಳಿ ಪಟ್ಟೆಯ ಮೇಲಂತೂ ಹುಡುಕಲೇ ಬೇಡಿ, ಅಲ್ಲಿ ಜಾತ್ರೆಯ ಹಾಗೆ ಗದ್ದಲ.

ಅಭ್ಯಾಸಕ್ಕೆ ಬೂಟಿಸ್ 1 ತೆಗೆದುಕೊಳ್ಳಿ. 2006ರಲ್ಲಿ ಸ್ಲೋನ್ ಪಟ್ಟಿಯಿಂದ ಸಿಕ್ಕಿದ್ದು, ದೂರ 2 ಲಕ್ಷ ಜ್ಯೋತಿರ್ವರ್ಷದ ಮೇಲೆ. 210.02, ಪ್ಲಸ್ 14.5. ಈ ಎರಡನೇ ಸಂಖ್ಯೆ ನೋಡಿ ಏನಾದರೂ ನೆನಪಾಯಿತೇ? ಶಿರಸಿಯ ಅಕ್ಷಾಂಶ 14.6. ಅಂದರೆ ಏಪ್ರಿಲ್ ಮೂರನೇ ವಾರ ರಾತ್ರಿ ಹನ್ನೆರಡೂವರೆಗೆ ಈ ಗ್ಯಾಲಕ್ಸಿ ಮಾರಿಗುಡಿಯ ನೇರ ನೆತ್ತಿಯ ಮೇಲೆ ಹಾದುಹೋಗುತ್ತದೆ. ಕಾಣುವುದಿಲ್ಲ ಬಿಡಿ. ಆದರೂ ನಾನು ಒಂದು ರಾತ್ರಿ ಅಂಗಳದಲ್ಲಿ ಚಾಪೆ ಹಾಸಿ ಮಲಗಿ ಆ ಜಾಗ ನೋಡಿದ್ದೇನೆ.

ಕಣ್ಣಿನ ದಾರಿ

ಲೆಕ್ಕ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ, ನನ್ನ ಪ್ರಕಾರ ಹವ್ಯಾಸಿಗಳಿಗೆ ಅದೇ ಒಳ್ಳೆಯದು. ನಮ್ಮ ಆಕಾಶಗಂಗೆಯ ಉಪಗ್ರಹಗಳನ್ನು ಬಿಟ್ಟು ನೆರೆಯ ಗ್ಯಾಲಕ್ಸಿಗಳ ಉಪಗ್ರಹ ಹುಡುಕುವುದು. ಅವು ದೂರ ಇರುವುದರಿಂದ ಬಿಡಿ ನಕ್ಷತ್ರಗಳಾಗಿ ಚೆದುರಿರುವುದಿಲ್ಲ, ಚಿತ್ರದಲ್ಲಿ ಒಂದು ಸಣ್ಣ ಮಸುಕು ಕಲೆಯಾಗಿ ಬೀಳುತ್ತವೆ.

ಇಟಲಿಯ ಜ್ಯೂಸೆಪ್ಪೆ ಡೊನಾಟಿಯೆಲ್ಲೊ ಒಬ್ಬ ಹವ್ಯಾಸಿ. ತಾನೇ ತೆಗೆದ ಚಿತ್ರಗಳಲ್ಲಿ ಅವನಿಗೆ ಸಿಕ್ಕ ಕುಬ್ಜ ಗ್ಯಾಲಕ್ಸಿಗೆ ಡೊನಾಟಿಯೆಲ್ಲೊ 1 ಎಂದೇ ಹೆಸರಾಯಿತು, 2018ರಲ್ಲಿ ಪ್ರಕಟವಾಯಿತು. ಆಮೇಲೆ ಡಾರ್ಕ್ ಎನರ್ಜಿ ಸರ್ವೆಯ ಚಿತ್ರಗಳನ್ನು ಬರೀ ಕಣ್ಣಿನಿಂದ ನೋಡಿ ಎನ್‌ಜಿಸಿ 253 ಎಂಬ ನೆರೆಯ ಗ್ಯಾಲಕ್ಸಿಯ ಸುತ್ತ ಇನ್ನೂ ಮೂರು ಹುಡುಕಿದ. ಕಂಪ್ಯೂಟರುಗಳು ಅದೇ ಚಿತ್ರಗಳನ್ನು ಅಷ್ಟರಲ್ಲಿ ಜಾಲಾಡಿದ್ದವು, ನೆನಪಿರಲಿ. ಆಂಡ್ರೊಮಿಡಾ ಗ್ಯಾಲಕ್ಸಿಯ ಹತ್ತಿರದ ಪೆಗಸಸ್ 5 ಎಂಬ ಕುಬ್ಜ ಗ್ಯಾಲಕ್ಸಿ ಕೂಡ ಲೆಗಸಿ ಸರ್ವೆಯಲ್ಲಿ ಅವನ ಕಣ್ಣಿಗೇ ಬಿದ್ದಿದ್ದು. 2022ರಲ್ಲಿ ಹವಾಯಿಯ ಜೆಮಿನೈ ದೂರದರ್ಶಕ ಅದನ್ನು ಖಚಿತಪಡಿಸಿತು.

ಹೀಗೆ ಮಾಡಿ. ಸ್ಕೈ ವ್ಯೂವರಿನಲ್ಲಿ ಎನ್‌ಜಿಸಿ 253 ತೆರೆಯಿರಿ. ಮೊದಲು ಡೊನಾಟಿಯೆಲ್ಲೊ 2, 3, 4 ಇರುವ ಜಾಗಕ್ಕೆ ಹೋಗಿ ಹತ್ತು ನಿಮಿಷ ಸುಮ್ಮನೆ ನೋಡಿ. ನಡುವೆ ಗುಂಡಿಯಂಥ ಪ್ರಖರ ಭಾಗ ಇಲ್ಲ, ಸುರುಳಿ ಇಲ್ಲ, ಅಂಚು ಎಲ್ಲಿ ಮುಗಿಯಿತು ಎಂದು ಹೇಳಲಾಗದು. ಕನ್ನಡಿಯ ಮೇಲೆ ಉಸಿರು ಬಿಟ್ಟರೆ ಮೂಡುವ ಮಬ್ಬು, ಅದರೊಳಗೆ ರವೆಯಂಥ ಒಂದೆರಡು ಕಾಳು. ಕಣ್ಣು ಇದನ್ನು ಹಿಡಿದ ಮೇಲೆ ಗ್ಯಾಲಕ್ಸಿಯ ಸುತ್ತ ಪಟ್ಟಿಪಟ್ಟಿಯಾಗಿ, ಗದ್ದೆ ಉಳುವ ಹಾಗೆ ಒಂದು ಸಾಲು ಬಿಡದೆ ಹೋಗಿ. ಒಂದು ಸಲಕ್ಕೆ ಅರ್ಧ ಗಂಟೆ ಸಾಕು. ಅದಕ್ಕಿಂತ ಜಾಸ್ತಿ ಕೂತರೆ ಬೇಕಾದದ್ದೆಲ್ಲ ಕಾಣಲು ಶುರುವಾಗುತ್ತದೆ.

ಸಿಕ್ಕಿದ್ದನ್ನು ಕೊಲ್ಲುವುದು

ಮುಕ್ಕಾಲು ಪಾಲು ಸಮಯ ಹೋಗಬೇಕಾದದ್ದು ಇಲ್ಲಿ. ಸಿಕ್ಕಿದ್ದು ಗ್ಯಾಲಕ್ಸಿ ಅಲ್ಲ ಎಂದು ತೋರಿಸಲು ನೀವೇ ಪ್ರಯತ್ನ ಮಾಡಬೇಕು.

ಎರಡು ವರ್ಷದ ಹಿಂದೆ ಆಷಾಢದಲ್ಲಿ ನನಗೆ ಒಂದು “ಸಿಕ್ಕಿತ್ತು”. ಎಣಿಕೆ ಮಾಮೂಲಿ ಏರುಪೇರಿನ ಆರು ಪಟ್ಟು ಜಾಸ್ತಿ. ಬಣ್ಣದ ಗೆರೆಯೂ ಇದೆ ಅನ್ನಿಸಿತು, ಅನ್ನಿಸಬೇಕು ಎಂದು ಹಟ ಇದ್ದರೆ ಅನ್ನಿಸುತ್ತದೆ. ಹನ್ನೊಂದು ದಿನ ಅದರ ಮೇಲೇ ಕೂತೆ. ಮನಸ್ಸಿನಲ್ಲಿ ಹೆಸರೂ ಇಟ್ಟಾಗಿತ್ತು, ಅದನ್ನು ಇಲ್ಲಿ ಹೇಳುವುದಿಲ್ಲ. ಹನ್ನೆರಡನೇ ದಿನ ಬಣ್ಣದ ಚಿತ್ರ ತೆರೆದು ನೋಡಿದರೆ ನಡುವೆ ಹಳದಿ ಹಳದಿ ಗುಂಪು. ಕೋಟ್ಯಂತರ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಗಳ ಗೊಂಚಲು ಅದು. ಒಂದೊಂದೂ ಅಷ್ಟು ಚಿಕ್ಕದಾಗಿ ಕಂಡದ್ದರಿಂದ ಪಟ್ಟಿ ಅವನ್ನು ನಕ್ಷತ್ರ ಎಂದು ಬರೆದುಕೊಂಡಿತ್ತು. ಚಿತ್ರ ನೋಡಲು ಎರಡು ನಿಮಿಷ ಸಾಕಿತ್ತು. ಆದ್ದರಿಂದ ಮೊದಲ ದಿನವೇ ಚಿತ್ರ ನೋಡಿ.

ಇನ್ನೂ ಕಳ್ಳರಿದ್ದಾರೆ. ಹತ್ತಿರದ ಪ್ರಖರ ನಕ್ಷತ್ರದ ಬೆಳಕು ಕ್ಯಾಮೆರಾದೊಳಗೆ ಪ್ರತಿಫಲಿಸಿ ದುಂಡಗೆ ಮೂಡುವ ಭೂತ. ಇದು ಇನ್ನೊಂದು ಸರ್ವೆಯ ಚಿತ್ರದಲ್ಲಿ ಅದೇ ಜಾಗದಲ್ಲಿ ಇರುವುದಿಲ್ಲ, ಹಾಗೆ ಸಿಕ್ಕಿಬೀಳುತ್ತದೆ. ನಮ್ಮ ಗ್ಯಾಲಕ್ಸಿಯದೇ ತೆಳು ಧೂಳಿನ ಮೋಡ, ಇದು ಸಾಮಾನ್ಯವಾಗಿ ಎಳೆಎಳೆಯಾಗಿ ಪಕ್ಕಕ್ಕೂ ಹಬ್ಬಿರುತ್ತದೆ. ಸರ್ವೆಯ ಅಂಚು ಮತ್ತು ತೂತುಗಳು: ಪಕ್ಕದಲ್ಲಿ ಚಿತ್ರವೇ ಇಲ್ಲದಿದ್ದರೆ ಇಲ್ಲಿ ಇರುವುದು ಜಾಸ್ತಿ ಅನ್ನಿಸುತ್ತದೆ. ಎಲ್ಲ ದಾಟಿದರೆ ಸಿಂಬಾಡ್ ಮತ್ತು ನೆಡ್ ಎಂಬ ಕೋಶಗಳಲ್ಲಿ ಆ ಜಾಗ ಹಾಕಿ. ಬಹುಪಾಲು ಸಲ ಯಾರೋ ಮೊದಲೇ ಹೆಸರಿಟ್ಟಿರುತ್ತಾರೆ.

ಕೊನೆಯ ಪ್ರಶ್ನೆಗೆ ಉತ್ತರ ನಮ್ಮ ಕೈಯಲ್ಲಿಲ್ಲ. ಅದು ಗ್ಯಾಲಕ್ಸಿಯೋ, ಬರೀ ನಕ್ಷತ್ರಗುಚ್ಛವೋ? ಒಳಗಿನ ನಕ್ಷತ್ರಗಳ ವೇಗ ಅಳೆದು, ಕಾಣುವ ನಕ್ಷತ್ರಗಳ ತೂಕಕ್ಕೆ ಆ ವೇಗ ಜಾಸ್ತಿಯಾಯಿತೇ ಎಂದು ನೋಡಬೇಕು. ಜಾಸ್ತಿ ಇದ್ದರೆ ಡಾರ್ಕ್ ಮ್ಯಾಟರ್ ಹಿಡಿದಿಟ್ಟಿದೆ, ಗ್ಯಾಲಕ್ಸಿ. ಇದಕ್ಕೆ ಹವಾಯಿಯ ಕೆಕ್‌ನಂಥ 8ರಿಂದ 10 ಮೀಟರ್ ದೂರದರ್ಶಕ ಬೇಕು. ಅಂಥವರಿಗೂ ಇದು ಸುಲಭವಲ್ಲ. 2023ರಲ್ಲಿ ಪ್ರಕಟವಾದ ಉರ್ಸಾ ಮೇಜರ್ 3ರಲ್ಲಿ ಇರುವುದು ಅರವತ್ತರ ಆಸುಪಾಸು ನಕ್ಷತ್ರ, ತೂಕ ಸುಮಾರು 16 ಸೂರ್ಯರಷ್ಟು. ಅದು ಏನು ಎಂಬ ಜಗಳ ಇನ್ನೂ ಮುಗಿದಿಲ್ಲ.

ಇಷ್ಟೆಲ್ಲ ಆಗಿಯೂ ನಿಮ್ಮ ಚುಕ್ಕಿ ಬದುಕಿ ಉಳಿದಿದ್ದರೆ ಈ ವಿಷಯದಲ್ಲಿ ಕೆಲಸ ಮಾಡುವ ಖಗೋಳ ವಿಜ್ಞಾನಿಗೆ ಒಂದು ಇಮೇಲ್ ಬರೆಯಿರಿ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ ಗ್ಯಾಲಕ್ಸಿಗಳ ಮೇಲೆ ಕೆಲಸ ಮಾಡುವವರಿದ್ದಾರೆ. “ಹೊಸ ಗ್ಯಾಲಕ್ಸಿ ಕಂಡುಹಿಡಿದಿದ್ದೇನೆ” ಎಂದು ಶುರು ಮಾಡಬೇಡಿ, ಅಂಥ ಪತ್ರ ಅವರಿಗೆ ಬೇಕಾದಷ್ಟು ಬರುತ್ತವೆ. ಜಾಗದ ಎರಡು ಸಂಖ್ಯೆ, ಯಾವ ಸರ್ವೆಯ ಎಷ್ಟನೇ ಕಂತು, ಒಂದು ಚಿತ್ರ, ಒಂದು ಬಣ್ಣದ ನಕ್ಷೆ, ಅಕ್ಕಪಕ್ಕಕ್ಕೆ ಹೋಲಿಸಿದ ಎಣಿಕೆ. ಆಮೇಲೆ ಅದನ್ನು ಕೊಲ್ಲಲು ಏನೇನು ಮಾಡಿದಿರಿ ಎಂಬ ನಾಲ್ಕು ಸಾಲು. ಅವರು ಮೊದಲು ಓದುವುದು ಆ ನಾಲ್ಕು ಸಾಲನ್ನೇ. ಉತ್ತರಕ್ಕೆ ತಿಂಗಳು ಹಿಡಿಯಬಹುದು. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ತೋರಿಸಿದ ಮೇಲಂತೂ ಅವರೆಲ್ಲ ಇನ್ನೂ ಬಿಜಿ.

ನಾನು ಇದುವರೆಗೆ ಅಂಥ ಇಮೇಲ್ ಒಂದನ್ನೂ ಕಳಿಸಿಲ್ಲ. ನೋಟ್‌ಬುಕ್ಕಿನಲ್ಲಿ 43 ಜಾಗಗಳಿವೆ, 41ರ ಮೇಲೆ ಅಡ್ಡಗೆರೆ ಎಳೆದಾಗಿದೆ. ಉಳಿದ ಎರಡರಲ್ಲಿ ಒಂದರ ಪಕ್ಕ ಪ್ರಖರ ನಕ್ಷತ್ರ ಇದೆ, ಅದು ಭೂತವೇ ಇರಬೇಕು. ಕರೆಂಟು ಬಂದ ಮೇಲೆ ನೋಡಬೇಕು.